ಹಳೆ ಕಾರಿನ ಚೆಕ್ ಎಂಜಿನ್ ಲೈಟ್ ಆರುತ್ತಲೇ ಇಲ್ವಾ? ಪಾರ್ಟ್ ಬದಲಿಸುವ ಮೊದಲು ಹೀಗೆ ಹುಡುಕಿ

ದಾವಣಗೆರೆ ಕಡೆ ಹತ್ತು-ಹದಿನೈದು ವರ್ಷ ಓಡಿದ ಕಾರುಗಳಿಗೆ ಬರವಿಲ್ಲ. ಎಂಜಿನ್ ಗಟ್ಟಿ ಇರುತ್ತದೆ, ಬಾಡಿ ಚೆನ್ನಾಗಿರುತ್ತದೆ, ಮಾರಲು ಮನೆಯವರಿಗೆ ಮನಸ್ಸೂ ಇರುವುದಿಲ್ಲ. ಆದರೆ ಮೀಟರ್‌ನಲ್ಲಿ ಒಂದು ಹಳದಿ ಲೈಟ್ ಹತ್ತಿಕೊಂಡು ಕೂತಿರುತ್ತದೆ. ಗ್ಯಾರೇಜ್‌ಗೆ ಹೋದರೆ ಸ್ಕ್ಯಾನರ್ ಹಾಕಿ ಕೋಡ್ ಅಳಿಸಿ ಕಳಿಸುತ್ತಾರೆ. ನಾಲ್ಕು ದಿನಕ್ಕೆ ಮತ್ತೆ ಹತ್ತುತ್ತದೆ. ಆಮೇಲೆ ಒಂದು ಸೆನ್ಸರ್ ಬದಲಾಗುತ್ತದೆ, ಮತ್ತೆ ಲೈಟ್. ಇನ್ನೊಂದು ಸೆನ್ಸರ್, ಮತ್ತೆ ಲೈಟ್. ಕೊನೆಗೆ "ಬಿಡಿ ಸಾರ್, ಹಳೆ ಗಾಡಿ, ಇದು ಹಿಂಗೇ" ಎಂಬ ಮಾತು.

ಹಿಂಗೇ ಇರಬೇಕಾಗಿಲ್ಲ. ಸ್ಕ್ಯಾನರ್ ತೋರಿಸುವ ಕೋಡ್ ಕೆಟ್ಟ ಪಾರ್ಟಿನ ಹೆಸರಲ್ಲ. ಕಾರಿನ ಕಂಪ್ಯೂಟರ್‌ಗೆ ಯಾವ ಲೆಕ್ಕ ಹೊಂದಲಿಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ. ಯಾಕೆ ಹೊಂದಲಿಲ್ಲ ಅಂತ ಅಳೆದು ನೋಡಬೇಕು. ಅದಕ್ಕೆ ಬೇಕಾಗುವುದು ಒಂದು ಸಾದಾ ಮಲ್ಟಿಮೀಟರ್, ಒಂದು ಬ್ಲೂಟೂತ್ ಸ್ಕ್ಯಾನರ್, ಒಂದು ಟಾರ್ಚ್, ಮತ್ತೆ ಭಾನುವಾರದ ಒಂದು ಬೆಳಗ್ಗೆ.

ಹಂತ 1: ಯಾವ ಲೈಟ್, ಯಾವ ಬಣ್ಣ

ಕೆಂಪು ಲೈಟ್ ಆದರೆ ಈ ಬರಹ ಆಮೇಲೆ ಓದಿ. ಎಣ್ಣೆ ಡಬ್ಬಿಯ ಚಿತ್ರವಿರುವ ಆಯಿಲ್ ಪ್ರೆಶರ್ ಲೈಟ್ ಓಡುವಾಗ ಹತ್ತಿದರೆ ಗಾಡಿ ಪಕ್ಕಕ್ಕೆ ಹಾಕಿ ತಕ್ಷಣ ಎಂಜಿನ್ ಬಂದ್ ಮಾಡಬೇಕು. "ಮನೆ ಇಲ್ಲೇ ಹತ್ತಿರ" ಅಂತ ಓಡಿಸಿದರೆ ಎಂಜಿನ್ ಜಾಮ್ ಆಗಬಹುದು. ಟೆಂಪರೇಚರ್ ಲೈಟ್‌ಗೂ ಇದೇ ಮಾತು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಲೇಬೇಡಿ. ಬ್ಯಾಟರಿ ಲೈಟ್ ಹತ್ತಿದರೆ ಬೆಲ್ಟ್ ಅಥವಾ ಆಲ್ಟರ್ನೇಟರ್ ಕಡೆ ನೋಡಿ. ಕೆಲವು ಎಂಜಿನ್‌ಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ, ಹಾಗಾಗಿ ಅದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಹಳದಿ ಚೆಕ್ ಎಂಜಿನ್ ಲೈಟ್ ಸುಮ್ನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಹುಡುಕಲು ಸಮಯವಿದೆ. ಅದೇ ಲೈಟ್ ಮಿಣಮಿಣ ಅನ್ನುತ್ತಿದ್ದರೆ ಬೇರೆ ಕಥೆ. ಯಾವುದೋ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಪೈಪಿಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಎಂದರ್ಥ. ರೇಸ್ ಕಡಿಮೆ ಮಾಡಿ, ಆದಷ್ಟು ಬೇಗ ನಿಲ್ಲಿಸಿ.

ಇನ್ನೊಂದು ಸಣ್ಣ ಪರೀಕ್ಷೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಎಲ್ಲ ಲೈಟ್‌ಗಳೂ ಹತ್ತಬೇಕು, ಚೆಕ್ ಎಂಜಿನ್ ಕೂಡ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಇದನ್ನು ಮರೆಯಬೇಡಿ. ಕೀ ಆನ್ ಮಾಡಿದಾಗ ಆ ಲೈಟ್ ಹತ್ತದೇ ಇದ್ದರೆ ಬಲ್ಬ್ ಹೋಗಿರಬೇಕು, ಇಲ್ಲ ಯಾರೋ ಬೇಕಂತಲೇ ಬಲ್ಬ್ ತೆಗೆದಿರಬೇಕು.

ಹಂತ 2: ಸ್ಕ್ಯಾನರ್‌ಗಿಂತ ಮೊದಲು ಬಾನೆಟ್ ಎತ್ತಿ

ಮೊದಲು ಬ್ಯಾಟರಿ. ರಾತ್ರಿ ನಿಂತ ಗಾಡಿಯಲ್ಲಿ ಬೆಳಗ್ಗೆ ಅಳೆದರೆ 12.4ರಿಂದ 12.6 ವೋಲ್ಟ್ ಇರಬೇಕು. ಸ್ಟಾರ್ಟ್ ಮಾಡಿದ ಮೇಲೆ 13.8ರಿಂದ 14.5ರ ಒಳಗೆ ಬರಬೇಕು. ವೋಲ್ಟೇಜ್ ಕಡಿಮೆ ಇದ್ದರೆ ಕಂಪ್ಯೂಟರ್ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ಕೋಡ್ ತೋರಿಸುತ್ತದೆ. ಬ್ಯಾಟರಿ ಸರಿಮಾಡದೆ ಆ ಕೋಡ್‌ಗಳ ಹಿಂದೆ ಓಡಿದರೆ ದುಡ್ಡು ದಂಡ. ಟರ್ಮಿನಲ್ ಮೇಲೆ ಬಿಳಿ ಬೂಷ್ಟಿನಂಥದ್ದು ಕಟ್ಟಿದ್ದರೆ ಬಿಸಿನೀರು ಹಾಕಿ ತೊಳೆದು, ಉಜ್ಜಿ, ಬಿಗಿ ಮಾಡಿ.

ಆಮೇಲೆ ಅರ್ಥ್, ಅಂದರೆ ಬ್ಯಾಟರಿ ಮೈನಸ್‌ನಿಂದ ಎಂಜಿನ್‌ಗೂ ಬಾಡಿಗೂ ಹೋಗುವ ವೈರ್. ಹಳೆ ಕಾರಿನಲ್ಲಿ ಇದನ್ನು ನೋಡುವವರೇ ಕಡಿಮೆ. ಎಂಜಿನ್ ಓಡುತ್ತಿರಲಿ. ಹೆಡ್‌ಲೈಟ್, ಬ್ಲೋವರ್, ಎಸಿ ಎಲ್ಲ ಹಾಕಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿನ ಖಾಲಿ ಲೋಹಕ್ಕೆ ಇಡಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥ್ ವೈರ್ ಸರಿಯಿಲ್ಲ. ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಲೈಟಿನ ಕಥೆ ಮುಗಿಯುತ್ತದೆ.

ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಮಂಡಕ್ಕಿ ಭಟ್ಟಿಗಳ ಕಡೆ, ರೈಸ್ ಮಿಲ್‌ಗಳ ಪಕ್ಕ, ಎಪಿಎಂಸಿ ಸುತ್ತ ದಿನಾ ಓಡಾಡುವ ಕಾರಿಗೆ ಸರ್ವಿಸ್ ಪುಸ್ತಕದಲ್ಲಿರುವ ಕಿಲೋಮೀಟರ್ ಲೆಕ್ಕ ಹೊಂದುವುದಿಲ್ಲ. ಹೊಟ್ಟಿನ ಧೂಳು, ಮಸಿ, ಮೆಕ್ಕೆಜೋಳದ ಸುಗ್ಗಿಯ ಧೂಳು ಎಲ್ಲ ಸೇರಿ ಫಿಲ್ಟರ್ ಬೇಗ ಕಟ್ಟುತ್ತದೆ.

ಇನ್ನು ಇಲಿ. ಭದ್ರಾ ಕಾಲುವೆ ನೀರು ಹರಿಯುವ ಕಡೆ ಗದ್ದೆ ಪಕ್ಕದ ಮನೆಗಳಲ್ಲಿ, ಗೋಡೌನ್ ಇರುವ ಬೀದಿಗಳಲ್ಲಿ ಕಾರು ನಿಲ್ಲಿಸುವವರು ಇದನ್ನು ಮೊದಲೇ ನೋಡಬೇಕು. ಟಾರ್ಚ್ ಹಿಡಿದು ಎಂಜಿನ್ ಹಿಂಭಾಗ, ಬ್ಯಾಟರಿ ಕೆಳಗೆ, ಇಂಜೆಕ್ಟರ್ ವೈರ್‌ಗಳ ಸುತ್ತ ನೋಡಿ. ಹಿಕ್ಕೆ, ಭತ್ತದ ಹೊಟ್ಟು, ಕಡಿದ ಬಟ್ಟೆ ಚೂರು ಕಂಡರೆ ಅಲ್ಲೇ ಸುತ್ತಮುತ್ತ ವೈರ್ ಕಡಿದಿರುತ್ತದೆ. ವೈರ್ ಪೂರ್ತಿ ತುಂಡಾಗಿರಬೇಕೆಂದಿಲ್ಲ. ಮೇಲಿನ ಪ್ಲಾಸ್ಟಿಕ್ ಹೋಗಿ ತಾಮ್ರ ಬಯಲಾಗಿದ್ದರೂ ಸಾಕು, ಮಳೆಗಾಲದಲ್ಲಿ ಲೈಟ್ ಹತ್ತುತ್ತದೆ, ಬೇಸಿಗೆಯಲ್ಲಿ ಆರುತ್ತದೆ.

ಹಂತ 3: ಸ್ಕ್ಯಾನರ್ ಹಾಕುವುದು

ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್‌ನ ಒಂದು ಸಾಕೆಟ್ ಇರುತ್ತದೆ. ಅದೇ ಒಬಿಡಿ ಸಾಕೆಟ್. ಒಬಿಡಿ ಅಂದರೆ ಕಾರು ತನ್ನ ತಪ್ಪನ್ನು ತಾನೇ ಗುರುತಿಸಿ ಹೇಳುವ ವ್ಯವಸ್ಥೆ. ನಮ್ಮ ದೇಶದಲ್ಲಿ ಒಬಿಡಿ ಕಡ್ಡಾಯವಾಗಿದ್ದು 2010ರ ಏಪ್ರಿಲ್‌ನಲ್ಲಿ, ಅದರ ಎರಡನೇ ಹಂತ ಬಂದಿದ್ದು 2013ರ ಏಪ್ರಿಲ್‌ನಲ್ಲಿ. ಹಾಗಾಗಿ 2013ರ ನಂತರದ ಕಾರಾದರೆ ಸಾಮಾನ್ಯ ಸ್ಕ್ಯಾನರ್ ಸಲೀಸಾಗಿ ಮಾತಾಡುತ್ತದೆ. ಅದಕ್ಕಿಂತ ಹಳೆಯ ಕಾರುಗಳಲ್ಲಿ ಸಾಕೆಟ್ ಇದ್ದರೂ ಕೆಲವು ಕಂಪನಿಗಳು ತಮ್ಮದೇ ಭಾಷೆ ಇಟ್ಟುಕೊಂಡಿದ್ದವು. ಅಂಥ ಕಾರಿಗೆ ಆ ಕಂಪನಿಯ ಗಾಡಿಗಳನ್ನೇ ನೋಡುವ ಗ್ಯಾರೇಜಿನ ದೊಡ್ಡ ಸ್ಕ್ಯಾನರ್ ಬೇಕು.

ಇಎಲ್‌ಎಂ327 ಎಂಬ ಹೆಸರಿನಲ್ಲಿ ಸಿಗುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಮನೆ ಬಳಕೆಗೆ ಸಾಕು. ತೀರಾ ಅಗ್ಗದವುಗಳಲ್ಲಿ ಒಂದು ತೊಂದರೆ ಇದೆ: ಅವುಗಳಲ್ಲಿ ಕೆಲವು, ಹೊಸ ಕಾರಿನ ಕಂಪ್ಯೂಟರ್ ಮಾತಾಡುವ ಕ್ಯಾನ್ ಪದ್ಧತಿ ಮಾತ್ರ ಅರ್ಥ ಮಾಡಿಕೊಳ್ಳುತ್ತವೆ, ಹಳೆ ಕಾರುಗಳ ಕೆ-ಲೈನ್ ಪದ್ಧತಿ ಬರುವುದಿಲ್ಲ. ಕೊಳ್ಳುವ ಮೊದಲು ಎರಡೂ ಬರುತ್ತದಾ ಅಂತ ಕೇಳಿ ನೋಡಿ. ಫೋನಿಗೆ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಹಾಕಿಕೊಳ್ಳಿ.

ಕೀ ಆನ್ ಮಾಡಿ, ಕೋಡ್ ಓದಿ. ಓದಿದ ಕೂಡಲೇ ಅಳಿಸುವ ಬಟನ್ ಒತ್ತಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕೋಡ್ ಜೊತೆ ಫ್ರೀಜ್ ಫ್ರೇಮ್ ಎಂಬ ಒಂದು ದಾಖಲೆ ಇರುತ್ತದೆ. ಲೈಟ್ ಹತ್ತಿದ ಆ ಗಳಿಗೆಯಲ್ಲಿ ಎಷ್ಟು ಸ್ಪೀಡ್ ಇತ್ತು, ಎಷ್ಟು ಆರ್‌ಪಿಎಂ, ಎಂಜಿನ್ ಎಷ್ಟು ಬಿಸಿ ಇತ್ತು, ಲೋಡ್ ಎಷ್ಟಿತ್ತು ಎಲ್ಲ ಅದರಲ್ಲಿದೆ. ಅಳಿಸಿದರೆ ಅದೂ ಹೋಯಿತು. ಫ್ರೀಜ್ ಫ್ರೇಮ್‌ನಲ್ಲಿ ಎಂಜಿನ್ 30 ಡಿಗ್ರಿ, ಸ್ಪೀಡ್ ಸೊನ್ನೆ ಅಂತಿದ್ದರೆ ತೊಂದರೆ ಬೆಳಗಿನ ಸ್ಟಾರ್ಟಿಂಗ್‌ನದು. 90 ಡಿಗ್ರಿ, 100 ಕಿಲೋಮೀಟರ್ ಸ್ಪೀಡ್, ಲೋಡ್ ಜಾಸ್ತಿ ಅಂತಿದ್ದರೆ ಹೈವೇ ಮೇಲೆ ಎಳೆಯುವಾಗಿನದು. ಹುಡುಕುವ ಜಾಗವೇ ಬೇರೆಯಾಗುತ್ತದೆ, ಅಲ್ವಾ? ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. "ಪೆಂಡಿಂಗ್" ಎಂದು ಬರೆದಿರುವ, ಅಂದರೆ ಕಂಪ್ಯೂಟರ್‌ಗೆ ಇನ್ನೂ ಖಚಿತವಾಗದ ಕೋಡ್‌ಗಳನ್ನೂ ಬಿಡಬೇಡಿ.

ಕೋಡ್ ಓದುವುದು ಕಷ್ಟವಲ್ಲ. ಪಿ ಅಂದರೆ ಎಂಜಿನ್-ಗೇರ್‌ಬಾಕ್ಸ್ ಕಡೆಯದು. ಪಿ ನಂತರ 0 ಇದ್ದರೆ ಬಹುತೇಕ ಎಲ್ಲ ಕಂಪನಿಗೂ ಒಂದೇ ಅರ್ಥ. 1 ಇದ್ದರೆ ಆ ಕಂಪನಿಯದೇ ಅರ್ಥ, ಅದನ್ನು ನಿಮ್ಮ ಕಾರಿನ ಮಾಡೆಲ್ ಹೆಸರು ಸೇರಿಸಿಯೇ ಹುಡುಕಬೇಕು.

ಹಂತ 4: ಕೋಡ್ ಹಿಡಿದು ಅಳೆಯುವುದು

ಒಂದು ಉದಾಹರಣೆಯನ್ನು ಪೂರ್ತಿ ಹೇಳುತ್ತೇನೆ, ಯಾಕೆಂದರೆ ಉಳಿದ ಕೋಡ್‌ಗಳಿಗೂ ಕ್ರಮ ಇದೇ.

ವಿನೋಬ ನಗರದ ಪರಿಚಯದ ಒಬ್ಬರ ಪೆಟ್ರೋಲ್ ಕಾರು. ಪಿ0118 ಕೋಡ್. ಕೂಲೆಂಟ್ ಟೆಂಪರೇಚರ್ ಸೆನ್ಸರ್ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಜಾಸ್ತಿ ಎಂದು ಅರ್ಥ. ಬೆಳಗ್ಗೆ ಸ್ಟಾರ್ಟಿಂಗ್ ಕಷ್ಟ, ಮೈಲೇಜ್ ಬಿದ್ದಿದೆ, ಕೀ ಹಾಕಿದರೆ ಸಾಕು ರೇಡಿಯೇಟರ್ ಫ್ಯಾನ್ ತಿರುಗುತ್ತಲೇ ಇರುತ್ತದೆ. ಗ್ಯಾರೇಜಿನಲ್ಲಿ ಸೆನ್ಸರ್ ಬದಲಾಗಿತ್ತು. ಲೈಟ್ ಹೋಗದಿದ್ದಾಗ "ಡೂಪ್ಲಿಕೇಟ್ ಇರಬೇಕು" ಅಂತ ಇನ್ನೊಂದು ಹಾಕಿದ್ದರು. ಆಮೇಲೆ "ಅಣ್ಣಾರೆ, ಇಸಿಎಂ ಹೋಗಿದೆ" ಎಂದಿದ್ದರು. ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ದೊಡ್ಡ ಖರ್ಚು.

ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆಗೆದರೆ ಎಂಜಿನ್ ಬಿಸಿ ಮೈನಸ್ 40 ಡಿಗ್ರಿ ತೋರಿಸುತ್ತಿತ್ತು. ದಾವಣಗೆರೆಯ ಏಪ್ರಿಲ್‌ನಲ್ಲಿ ಮೈನಸ್ 40! ಈ ಅಂಕಿ ಸಿಕ್ಕರೆ ಕೆಲಸ ಅರ್ಧ ಮುಗಿದಂತೆ. ಸೆನ್ಸರ್ ಕಡೆಯಿಂದ ಕರೆಂಟ್ ವಾಪಸ್ ಬರುತ್ತಲೇ ಇಲ್ಲ, ದಾರಿ ಎಲ್ಲೋ ತುಂಡಾಗಿದೆ ಎಂಬುದರ ಗುರುತು ಅದು.

ಸೆನ್ಸರಿಗೆ ವೈರ್ ಜೋಡಿಸುವ ಕಪ್ಲರ್ ತೆಗೆದು ಮೊದಲು ಸೆನ್ಸರನ್ನೇ ಓಮ್ಸ್‌ನಲ್ಲಿ ಅಳೆಯಬೇಕು. ಈ ಬಗೆಯ ಸೆನ್ಸರ್ ತಣ್ಣಗಿದ್ದಾಗ, 25 ಡಿಗ್ರಿ ಸುಮಾರಿಗೆ, 2,000 ಓಮ್ ಆಸುಪಾಸು ಇರುತ್ತದೆ. ಬಿಸಿಯಾದಂತೆ ಇಳಿಯುತ್ತ ಹೋಗಿ 80-90 ಡಿಗ್ರಿಗೆ 200-300 ಓಮ್‌ಗೆ ಬರುತ್ತದೆ. ಕಾರಿನಿಂದ ಕಾರಿಗೆ ಅಂಕಿ ಸ್ವಲ್ಪ ಬೇರೆ, ಇಳಿಯುವ ರೀತಿ ಒಂದೇ. ಆ ಕಾರಿನ ಸೆನ್ಸರ್ ಸರಿಯಾಗಿಯೇ ಇತ್ತು. ಬಹುಶಃ ತೆಗೆದೆಸೆದ ಎರಡೂ ಸರಿಯಾಗಿಯೇ ಇದ್ದವು.

ಮುಂದಿನ ಪರೀಕ್ಷೆ ಸರಳ. ಕಪ್ಲರಿನ ಎರಡೂ ಪಿನ್‌ಗಳನ್ನು ಸಣ್ಣ ವೈರ್ ತುಂಡಿನಿಂದ ಸೇರಿಸಬೇಕು. ಎರಡು ವೈರಿನ ಟೆಂಪರೇಚರ್ ಸೆನ್ಸರಿನ ಕಪ್ಲರ್‌ಗೆ ಮಾತ್ರ ಹೀಗೆ ಮಾಡಿ, ಬೇರೆ ಯಾವುದಕ್ಕೂ ಬೇಡ. ವೈರಿಂಗ್ ಮತ್ತು ಇಸಿಎಂ ಸರಿ ಇದ್ದರೆ ಸ್ಕ್ಯಾನರ್‌ನಲ್ಲಿ ಮೈನಸ್ 40 ಇದ್ದದ್ದು ಒಮ್ಮೆಗೇ 120-140 ಡಿಗ್ರಿಗೆ ಏರಬೇಕು. ಏರಿದರೆ ತಪ್ಪು ಸೆನ್ಸರಿನದು. ಇಲ್ಲಿ ಏರಲಿಲ್ಲ. ಅಂದರೆ ತಪ್ಪು ವೈರ್‌ನದು, ಇಲ್ಲ ಇಸಿಎಂನದು.

ಕಪ್ಲರಿನಿಂದ ಬೆರಳಷ್ಟು ದೂರದಲ್ಲಿ ಒಂದು ವೈರನ್ನು ಮೆಲ್ಲಗೆ ಜಗ್ಗಿದರೆ ರಬ್ಬರಿನಂತೆ ಎಳೆದುಕೊಂಡು ಬಂತು. ಒಳಗೆ ತಾಮ್ರ ತುಂಡಾಗಿತ್ತು, ಮೇಲಿನ ಪ್ಲಾಸ್ಟಿಕ್ ಮಾತ್ರ ನೆಟ್ಟಗಿತ್ತು. ತಾಮ್ರ ಇರುವ ವೈರ್ ಹಾಗೆ ಹಿಗ್ಗುವುದಿಲ್ಲ. ಸೀಳಿ ನೋಡಿದರೆ ತುದಿ ಹಸಿರು ಕಟ್ಟಿ ಪುಡಿಯಾಗಿತ್ತು. ಆ ತುಂಡು ಕತ್ತರಿಸಿ, ಹೊಸ ವೈರ್ ಸೇರಿಸಿ, ಬೆಸುಗೆ ಹಾಕಿ, ಮೇಲೆ ಬಿಸಿ ಮಾಡಿದರೆ ಕುಗ್ಗುವ ಸ್ಲೀವ್ ಹಾಕಿದ ಮೇಲೆ 34 ಡಿಗ್ರಿ ತೋರಿಸಿತು. ಫ್ಯಾನ್ ನಿಂತಿತು.

ಸೆನ್ಸರ್, ವೈರ್, ಕೊನೆಗೆ ಇಸಿಎಂ: ಯಾವ ಸೆನ್ಸರಿನ ಕೋಡ್ ಬಂದರೂ ಈ ಸಾಲಿನಲ್ಲೇ ಹೋಗಿ. ಮೂರು ವೈರಿನ ಸೆನ್ಸರ್ ಆದರೆ ಕೀ ಆನ್ ಮಾಡಿ ಕಪ್ಲರ್‌ನಲ್ಲಿ ಅಳೆಯಿರಿ. ಬಹುತೇಕ ಒಂದರಲ್ಲಿ 5 ವೋಲ್ಟ್, ಒಂದರಲ್ಲಿ ಅರ್ಥ್ ಸಿಗಬೇಕು, ಇನ್ನೊಂದು ಸಿಗ್ನಲ್. ಹಳೆ ಕಾರಿನಲ್ಲಿ ಇಸಿಎಂ ಹೋಗುವುದು ಅಪರೂಪ. ಕಪ್ಲರ್ ಮತ್ತು ವೈರ್ ಹೋಗುವುದು ಸಾಮಾನ್ಯ.

ಮಿಸ್ಸಿಂಗ್ ಕೋಡ್‌ಗಳು

ಪಿ0301ರಿಂದ ಪಿ0304ರವರೆಗೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಪಿ0300 ಅಂದರೆ ಒಂದೇ ಸಿಲಿಂಡರ್ ಅಂತಿಲ್ಲ. ಒಂದೊಂದು ಪ್ಲಗ್‌ಗೆ ಕಿಡಿ ಕೊಡುವ ಒಂದೊಂದು ಕಾಯಿಲ್ ಇರುವ ಕಾರಾದರೆ ಖರ್ಚಿಲ್ಲದ ಪರೀಕ್ಷೆ ಇದೆ. ಪಿ0302 ಬಂದಿದ್ದರೆ ಎರಡನೇ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲ್ ಹೋಗಿದೆ. ಪಿ0302 ಅಲ್ಲೇ ನಿಂತರೆ ಪ್ಲಗ್ ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರ್. ಅದಕ್ಕೂ ಜಗ್ಗದಿದ್ದರೆ ಕಂಪ್ರೆಶನ್ ನೋಡಿಸಿ. ಎಲ್ಲ ಪ್ಲಗ್‌ಗಳಿಗೂ ಒಂದೇ ಕಾಯಿಲ್ ಪ್ಯಾಕ್ ಇರುವ ಹಳೆ ಗಾಡಿಯಲ್ಲಿ ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ, ದೂರದಿಂದಲೇ ಪ್ಲಗ್ ವೈರ್‌ಗಳನ್ನು ನೋಡಿ. ಸೋರುವ ವೈರಿನಲ್ಲಿ ನೀಲಿ ಕಿಡಿ ಕಾಣುತ್ತದೆ. ಮುಟ್ಟಬೇಡಿ.

ಪಿ0171: ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ

ಈ ಕೋಡ್ ಬಂದರೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸುವವರೇ ಜಾಸ್ತಿ. ಪಾಪ, ಆ ಸೆನ್ಸರ್ ಬಹುಸಲ ನಿಜವನ್ನೇ ಹೇಳುತ್ತಿರುತ್ತದೆ. ಲೈವ್ ಡೇಟಾದಲ್ಲಿ ಫ್ಯುಯಲ್ ಟ್ರಿಮ್ ನೋಡಿ. ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು (ಪ್ಲಸ್) ಅಥವಾ ಕಡಿಮೆ (ಮೈನಸ್) ಮಾಡುತ್ತಿದೆ ಎಂಬುದೇ ಟ್ರಿಮ್. ಶಾರ್ಟ್ ಅಂದರೆ ಈ ಗಳಿಗೆಯದು, ಲಾಂಗ್ ಅಂದರೆ ಬಹಳ ದಿನದಿಂದ ಕಲಿತದ್ದು. ಶಾರ್ಟ್ ಮತ್ತು ಲಾಂಗ್ ಎರಡನ್ನೂ ಕೂಡಿಸಿದಾಗ ಪ್ಲಸ್ ಅಥವಾ ಮೈನಸ್ 10% ಒಳಗಿದ್ದರೆ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ 20-25% ಇದ್ದು, 2,500 ಆರ್‌ಪಿಎಂಗೆ ರೇಸ್ ಕೊಟ್ಟಾಗ ಇಳಿದರೆ ಎಲ್ಲೋ ಗಾಳಿ ಒಳಗೆ ಎಳೆಯುತ್ತಿದೆ. ರೇಸ್ ಕೊಟ್ಟಾಗ, ಏರು ಹತ್ತುವಾಗ ಟ್ರಿಮ್ ಏರಿದರೆ ಪೆಟ್ರೋಲ್ ಸಾಕಾಗುತ್ತಿಲ್ಲ: ಪಂಪ್, ಫಿಲ್ಟರ್, ಇಂಜೆಕ್ಟರ್ ನೋಡಿ.

ಒಂದು ಸೂಕ್ಷ್ಮ ಇದೆ. ಮೇಲಿನ ಗಾಳಿ ಸೋರಿಕೆಯ ಲೆಕ್ಕ ಒಳಬರುವ ಗಾಳಿಯನ್ನೇ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರಿಗೆ. ನಮ್ಮ ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಮ್ಯಾನಿಫೋಲ್ಡ್ ಒಳಗಿನ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆ. ಮ್ಯಾನಿಫೋಲ್ಡ್ ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ. ಅಂಥ ಎಂಜಿನ್‌ನಲ್ಲಿ ಹೋಸ್ ಒಡೆದರೆ ಟ್ರಿಮ್‌ಗಿಂತ ಹೆಚ್ಚಾಗಿ ಐಡ್ಲಿಂಗ್ ಏರುತ್ತದೆ. ಅಲ್ಲಿ ಪಿ0171 ಬಂದು ಐಡ್ಲಿಂಗ್ ಸರಿಯಾಗಿದ್ದರೆ ಪೆಟ್ರೋಲ್ ಕಡೆ, ಇಲ್ಲವೇ ಎಂಜಿನ್‌ಗೂ ಆಕ್ಸಿಜನ್ ಸೆನ್ಸರ್‌ಗೂ ನಡುವೆ ಸೈಲೆನ್ಸರ್ ಪೈಪ್ ಸೋರುತ್ತಿದೆಯೇ ಅಂತ ನೋಡಿ.

ಸೋರಿಕೆ ಹುಡುಕಲು ಸೋಪು ನೀರು ಸಾಕು. ಹೋಸ್‌ಗಳ ಬಾಯಿಗೆ, ಮ್ಯಾನಿಫೋಲ್ಡ್ ಅಂಚಿಗೆ ಸ್ವಲ್ಪ ಸ್ಪ್ರೇ ಮಾಡಿ. ಎಳೆಯುವ ಜಾಗದಲ್ಲಿ ನೀರು ಒಳಗೆ ಹೋಗಿ ಎಂಜಿನ್ ಸದ್ದು ಬದಲಾಗುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಅಥವಾ ಸುಡುವ ಸ್ಪ್ರೇ ಹೊಡೆದು ನೋಡುವ ಅಭ್ಯಾಸ ಕೆಲವರಿಗಿದೆ. ಬೆಂಕಿ ಹತ್ತುತ್ತದೆ, ಅದು ಬೇಡವೇ ಬೇಡ.

ಈಗಿನ ಪೆಟ್ರೋಲ್ ಕೂಡ ಲೆಕ್ಕಕ್ಕೆ ಬರುತ್ತದೆ. ಶುದ್ಧ ಪೆಟ್ರೋಲ್‌ನ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. 20% ಎಥೆನಾಲ್ ಬೆರೆತರೆ ಸುಮಾರು 13.5 ಸಾಕು. ಹಾಗಾಗಿ ಶುದ್ಧ ಪೆಟ್ರೋಲ್‌ಗೆ ಹೊಂದಿಸಿದ್ದ ಹಳೆ ಎಂಜಿನ್‌ನ ಟ್ರಿಮ್ ಇದೊಂದರಿಂದಲೇ 8-9% ಮೇಲೆ ಹೋಗಿರುತ್ತದೆ. ಅದರ ಮೇಲೆ ಸಣ್ಣ ಸೋರಿಕೆಯೋ ಕಟ್ಟಿದ ಫಿಲ್ಟರೋ ಸೇರಿದರೆ ಲೈಟ್ ಹತ್ತುವ ಗೆರೆ ದಾಟುತ್ತದೆ. ಹಳೆ ರಬ್ಬರ್ ಫ್ಯುಯಲ್ ಹೋಸ್‌ಗಳನ್ನೂ ಒಮ್ಮೆ ಮುಟ್ಟಿ ನೋಡಿ. ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಿ. ಎಲ್‌ಪಿಜಿ ಕಿಟ್ ಹಾಕಿಸಿದ ಕಾರಾದರೆ ಒಂದೆರಡು ದಿನ ಪೆಟ್ರೋಲ್‌ನಲ್ಲೇ ಓಡಿಸಿ. ಪೆಟ್ರೋಲ್‌ನಲ್ಲಿ ಬಾರದ ಕೋಡ್ ಗ್ಯಾಸ್‌ನಲ್ಲಿ ಬಂದರೆ ಕಿಟ್ ಟ್ಯೂನಿಂಗ್ ನೋಡಿಸಬೇಕು.

ಹೊರದೇಶದ ವಿಡಿಯೋಗಳಲ್ಲಿ "ಮೊದಲು ಟ್ಯಾಂಕ್ ಮುಚ್ಚಳ ಬಿಗಿ ಮಾಡಿ" ಅನ್ನುತ್ತಾರೆ. ಅಲ್ಲಿನ ಕಾರುಗಳಲ್ಲಿ ಪೆಟ್ರೋಲ್ ಆವಿ ಸೋರಿಕೆ ಹಿಡಿಯುವ ವ್ಯವಸ್ಥೆ ಇರುತ್ತದೆ. ನಮ್ಮ ಹಳೆ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ಅದರ ಮೇಲೆ ಭರವಸೆ ಇಡಬೇಡಿ.

ಪಿ0420

ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ದೂರು. ಕನ್ವರ್ಟರ್ ದುಬಾರಿ, ಆತುರ ಬೇಡ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ 2,500 ಆರ್‌ಪಿಎಂನಲ್ಲಿ ನಿಲ್ಲಿಸಿ ಎರಡೂ ಆಕ್ಸಿಜನ್ ಸೆನ್ಸರ್‌ಗಳ ಗ್ರಾಫ್ ನೋಡಿ. ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಏರಿಳಿಯುತ್ತಿರಬೇಕು. ಹಿಂದಿನದು 0.6-0.7ರ ಹತ್ತಿರ ಹೆಚ್ಚುಕಮ್ಮಿ ನಿಂತಿರಬೇಕು. ಹಿಂದಿನದೂ ಮುಂದಿನದರ ಹಾಗೆಯೇ ಕುಣಿಯುತ್ತಿದ್ದು, ಪೈಪ್‌ನಲ್ಲಿ ಎಲ್ಲೂ ಸೋರಿಕೆ ಇಲ್ಲದಿದ್ದರೆ ಮಾತ್ರ ಕನ್ವರ್ಟರ್ ಮೇಲೆ ಅನುಮಾನ ಪಡಿ. ಮಿಸ್ಸಿಂಗ್ ಇದ್ದರೆ ಮೊದಲು ಅದನ್ನು ಸರಿಮಾಡಿಸಿ, ಇಲ್ಲದಿದ್ದರೆ ಹೊಸ ಕನ್ವರ್ಟರ್ ಕೂಡ ಸುಡುತ್ತದೆ.

ಡೀಸೆಲ್ ಕಾರು

ಪಿ0401 ಬಂದರೆ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿರಬಹುದು. ಊರೊಳಗೇ ಸಣ್ಣ ದೂರ ಓಡುವ ಡೀಸೆಲ್ ಗಾಡಿಗಳಲ್ಲಿ ಇದು ಮಾಮೂಲು. ಪಿ0299 ಅಂದರೆ ಟರ್ಬೋ ಒತ್ತಡ ಸಾಲದು: ಟರ್ಬೋ ಬದಲಿಸುವ ಮೊದಲು ಇಂಟರ್‌ಕೂಲರ್ ಹೋಸ್‌ಗಳಲ್ಲಿ ಎಣ್ಣೆ ಜಿನುಗಿದ ಬಿರುಕು ಹುಡುಕಿ. ಪಿ0087 ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ರೈಲ್ ಪೈಪಿನ ಒತ್ತಡ ಕಡಿಮೆ: ಡೀಸೆಲ್ ಫಿಲ್ಟರ್ ಬದಲಿಸಿ, ಅದರಲ್ಲಿ ನೀರು ಸೇರಿದ್ದರೆ ಇಳಿಸಿ. ಅದರಾಚೆಗೆ ಕೈ ಹಾಕಬೇಡಿ. ಕಾಮನ್ ರೈಲ್ ಪೈಪ್‌ನಲ್ಲಿ ಒತ್ತಡ 1,000 ಬಾರ್‌ಗಿಂತ ಮೇಲಕ್ಕೂ ಏರುತ್ತದೆ. ಎಂಜಿನ್ ಓಡುವಾಗ ನಟ್ ಸಡಿಲಿಸಿದರೆ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ.

ಏರ್‌ಬ್ಯಾಗ್ ಲೈಟ್‌ನ ವಿಷಯವೂ ಅಷ್ಟೇ. ಸೀಟಿನ ಕೆಳಗಿನ ಹಳದಿ ಕಪ್ಲರ್‌ಗಳಿಗೆ ಮೀಟರ್ ಹಚ್ಚಬೇಡಿ, ಅದು ಗೊತ್ತಿರುವವರ ಕೆಲಸ.

ಹಂತ 5: ಬಂದು ಹೋಗುವ ಲೈಟ್

ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಲೈವ್ ಡೇಟಾದಲ್ಲಿ ಅನುಮಾನವಿರುವ ಸೆನ್ಸರಿನ ಗ್ರಾಫ್ ತೆರೆದು ಫೋನನ್ನು ಒಬ್ಬರ ಕೈಗೆ ಕೊಡಿ. ನೀವು ಬೆಲ್ಟ್, ಫ್ಯಾನ್ ತಪ್ಪಿಸಿ ಆ ಸೆನ್ಸರಿನ ವೈರನ್ನು ಉದ್ದಕ್ಕೂ ಮೆಲ್ಲಗೆ ಅಲ್ಲಾಡಿಸುತ್ತ ಹೋಗಿ. ಗ್ರಾಫ್ ಒಮ್ಮೆ ಜಿಗಿದರೆ ತಪ್ಪು ನಿಮ್ಮ ಬೆರಳಿನ ಕೆಳಗೇ ಇದೆ. ಕಪ್ಲರ್ ಒಳಗೆ ಹಸಿರು ಕಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಪಿನ್ ಸಡಿಲವಾಗಿದ್ದರೆ ಬಿಗಿ ಮಾಡಿ.

ಹಂತ 6: ಅಳಿಸಿ, ಓಡಿಸಿ, ಮತ್ತೆ ನೋಡಿ

ರಿಪೇರಿ ಆದ ಮೇಲೆ ಕೋಡ್ ಅಳಿಸಿ. ಬ್ಯಾಟರಿ ವೈರ್ ಬಿಚ್ಚಿ ಅಳಿಸುವುದು ಬೇಡ, ಐಡ್ಲಿಂಗ್ ಕಲಿಕೆ, ರೇಡಿಯೋ ಕೋಡ್ ಎಲ್ಲ ಹೋಗುತ್ತದೆ. ಅಳಿಸದಿದ್ದರೂ ತಪ್ಪು ಮರುಕಳಿಸದೆ ಮೂರು ಓಟ ಮುಗಿದರೆ ಲೈಟ್ ತಾನೇ ಆರುತ್ತದೆ. ಮೆಮೊರಿಯಲ್ಲಿನ ಕೋಡ್ ಅಳಿಯಲು ಸಾಮಾನ್ಯವಾಗಿ ಎಂಜಿನ್ 40 ಸಲ ತಣ್ಣಗಾಗಿ ಬಿಸಿಯಾಗಬೇಕು.

ಪರೀಕ್ಷೆಯ ಓಟಕ್ಕೆ ನಮ್ಮಲ್ಲಿ ಒಳ್ಳೆಯ ರಸ್ತೆಯಿದೆ. ರಾತ್ರಿಯಿಡೀ ನಿಂತ ಗಾಡಿ ಬೆಳಗ್ಗೆ ಸ್ಟಾರ್ಟ್ ಮಾಡಿ, ಎರಡು ನಿಮಿಷ ಐಡ್ಲಿಂಗ್ ಬಿಡಿ. ಹಳೇ ಪಿ.ಬಿ. ರಸ್ತೆಯಲ್ಲಿ ಸಿಗ್ನಲ್‌ಗಳ ನಡುವೆ ನಿಲ್ಲುತ್ತ ಹೊರಡುತ್ತ ಸಾಗಿ. ಆಮೇಲೆ ರಾಷ್ಟ್ರೀಯ ಹೆದ್ದಾರಿ 48 ಹತ್ತಿ, ಆನಗೋಡು ದಾಟಿ ಭರಮಸಾಗರದ ಕಡೆ 70-80ರಲ್ಲಿ ಒಂದೇ ಸಮ ಓಡಿಸಿ. ನಡುನಡುವೆ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಬಿಟ್ಟು ಗಾಡಿ ತಾನೇ ನಿಧಾನವಾಗಲಿ. ವಾಪಸ್ ಬಂದ ಮೇಲೆ ಆ್ಯಪ್‌ನಲ್ಲಿ ರೆಡಿನೆಸ್ ಪುಟ ತೆಗೆಯಿರಿ, ಕಂಪ್ಯೂಟರ್ ತಾನೇ ಮಾಡುವ ಪರೀಕ್ಷೆಗಳ ಪಟ್ಟಿ ಅಲ್ಲಿರುತ್ತದೆ. ಎಲ್ಲ ಪರೀಕ್ಷೆಗಳೂ "ಕಂಪ್ಲೀಟ್" ಆಗಿ, ಪೆಂಡಿಂಗ್ ಕೋಡ್ ಒಂದೂ ಇಲ್ಲದಿದ್ದರೆ ರಿಪೇರಿ ಗೆದ್ದಂತೆ. "ಇನ್‌ಕಂಪ್ಲೀಟ್" ಇದ್ದರೆ ಲೈಟ್ ಆರಿದ್ದರೂ ನಂಬಬೇಡಿ, ಕಂಪ್ಯೂಟರ್ ಇನ್ನೂ ಪರೀಕ್ಷೆ ಮುಗಿಸಿಲ್ಲ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಎಲ್ಲವೂ ಇನ್‌ಕಂಪ್ಲೀಟ್ ಕಂಡರೆ ನಿಮಗೆ ತೋರಿಸುವ ಮುಂಚೆಯೇ ಯಾರೋ ಕೋಡ್ ಅಳಿಸಿರಬಹುದು ಅಂತ ತಿಳಿಯಿರಿ.

ಕಾರಿಗೆ 15 ವರ್ಷ ತುಂಬುತ್ತಿದ್ದರೆ ಇದನ್ನೆಲ್ಲ ಆರ್‌ಸಿ ನವೀಕರಣದ ಮೊದಲೇ ಮುಗಿಸಿ. ನವೀಕರಿಸಿದರೆ ಇನ್ನೂ ಐದು ವರ್ಷ ಸಿಗುತ್ತದೆ. ಹೊಗೆ ತಪಾಸಣೆಗೆ ಹೋಗುವಾಗ ಎಂಜಿನ್ ಪೂರ್ತಿ ಬಿಸಿಯಾಗಿರಲಿ, ಕನ್ವರ್ಟರ್ ಬಿಸಿಯಾದ ಮೇಲೆಯೇ ಕೆಲಸ ಮಾಡುವುದು.

ನಿಮ್ಮ ಕೈಯಲ್ಲಿ ಆಗದ್ದನ್ನು ಗ್ಯಾರೇಜ್‌ಗೆ ಕೊಡುವಾಗ "ಲೈಟ್ ಹತ್ತಿದೆ, ನೋಡಿ" ಅನ್ನಬೇಡಿ. ಕೋಡ್, ಫ್ರೀಜ್ ಫ್ರೇಮ್ ಫೋಟೋ, ಅಳೆದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಕೊಡಿ. "ಅಣ್ಣಾ, ಯಾವ ಪಾರ್ಟ್ ಬದಲಿಸೋದಿದ್ರೂ ಮೊದಲು ಏನು ಅಳೆದು ಗೊತ್ತಾಯ್ತು ಅಂತ ಹೇಳಿ, ತೆಗೆದ ಪಾರ್ಟ್ ನನಗೆ ವಾಪಸ್ ಕೊಡಿ" ಅಂತ ಮೊದಲೇ ಮಾತಾಡಿಕೊಳ್ಳಿ. ಕೆಲಸ ಬಲ್ಲ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹುಡುಕುವುದಕ್ಕೆ ಅವರು ಪ್ರತ್ಯೇಕವಾಗಿ ಕೂಲಿ ಕೇಳಿದರೆ ಕೊಡಿ, ಬೇಡದ ಸೆನ್ಸರ್‌ಗಿಂತ ಅದು ಎಷ್ಟೋ ಅಗ್ಗ.